ಎಡಗೈ ಉಗುರಿನ ಗುರುತು

ಹಾಳೆಯ ಕೆಳಗಿನ ಮೂಲೆಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಹೆಬ್ಬೆರಳ ಉಗುರಿನಿಂದ ಒತ್ತಿದ ಒಂದು ಸಣ್ಣ ಕಮಾನು ಇತ್ತು. ಅದರ ಬಾಯಿ ಎಡಕ್ಕೆ ತೆರೆದಿತ್ತು.

ಮೊನ್ನೆ ಶನಿವಾರ ಸಂಜೆ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆಂದು ಗೆರೆ ಹಾಕಿದ ಹಾಳೆಗಳ ಕಟ್ಟೊಂದನ್ನು ಬಿಚ್ಚಿದ್ದೆ. ಹಾಳೆಗಳನ್ನು ಎತ್ತಿ ಬದಿಗಿಡುವಾಗ ಬೆರಳಿಗೆ ಏನೋ ತಗಲಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ ಮೇಲೆ ಕಣ್ಣಿಗೂ ಕಂಡಿತು. ಅಲ್ಲಿಂದ ಮುಂದೆ ನೂರು ಹಾಳೆ ಎಣಿಸಿದೆ. ನೂರನೆಯದರ ಮೇಲೆ ಅಂಥದೇ ಇನ್ನೊಂದು ಕಮಾನು. ಅದರ ಬಾಯಿಯೂ ಎಡಕ್ಕೇ ಇತ್ತು.

ಕಟ್ಟಿಗೆ ಸುತ್ತಿದ್ದ ಕಂದು ಕಾಗದದ ಮೇಲೆ ದಾಂಡೇಲಿಯ ಒಂದು ಸಣ್ಣ ಕಾರಖಾನೆಯ ಮುದ್ರೆಯಿತ್ತು. ಎಂಟು ವರ್ಷಗಳ ಹಿಂದೆ ನಾನು ಅಲ್ಲಿ ಹನ್ನೊಂದು ತಿಂಗಳು ಕೆಲಸ ಮಾಡಿದ್ದೆ. ಯಾವ ಕೆಲಸ ಎಂಬುದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ...

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷ ನಾನು ಹಾಕಿದ್ದ ಅರ್ಜಿಗಳಿಗೆ ಬಂದ ಉತ್ತರ ಅದೊಂದೇ. ಅಂದವಾಗಿ ಟೈಪ್ ಮಾಡಿದ ಪತ್ರ. ನೋಟ್‌ಬುಕ್ ತಯಾರಿಸುವ ತಮ್ಮ ಕಾರಖಾನೆಯಲ್ಲಿ ಶಾಯಿಯನ್ನೂ ತಯಾರಿಸಲಿರುವುದಾಗಿಯೂ, ಅದರ ಪರೀಕ್ಷೆಗೆ ಪದವೀಧರರು ಬೇಕೆಂದೂ, ಪ್ರತ್ಯೇಕ ಪ್ರಯೋಗಶಾಲೆ ಇರುವುದೆಂದೂ ಮಾಲಕರು ಬರೆದಿದ್ದರು. ನಮ್ಮ ಮನೆಯಲ್ಲಿ ಆ ಪತ್ರ ಒಂದು ವಾರ ಕೈಯಿಂದ ಕೈಗೆ ತಿರುಗಿತು. ಹುಬ್ಬಳ್ಳಿಯ ಒಂದು ಮನೆತನದವರು ನನ್ನನ್ನು ನೋಡಿ ಒಪ್ಪಿ, ನಮ್ಮ ಉತ್ತರಕ್ಕೆ ಕಾದಿದ್ದರು. ದೊಡ್ಡಪ್ಪ ಸಿಟ್ಟಿನಿಂದ ಊಟದ ತಟ್ಟೆ ಸರಿಸಿ ಎದ್ದು ಹೋಗಿದ್ದರು. ಸಾಲಿ ಮಾಸ್ತರರಾಗಿದ್ದ ಅಪ್ಪ, ಅಣ್ಣನ ಎದುರು ಎಂದೂ ಮಾತಾಡದವರು, ಆ ಸಲ ಮಾತಾಡಿದರು.

"ಒಂದ ವರ್ಷ ಬಿಡ್ರಿ ಅಣ್ಣ. ಕಲಿತದ್ದು ಆಕೀ ಕೈಗೆ ಹತ್ತಲಿ."

"ಆತು. ಹೇಳಿದ ಕೆಲಸ ಅಲ್ಲಿ ಇರಲಿಲ್ಲ ಅಂದ್ರ ಮರುದಿನದ ಬಸ್ಸಿಗೆ ವಾಪಸ್ ಬರಬೇಕು," ಎಂದರು ದೊಡ್ಡಪ್ಪ. ಅಪ್ಪ ಹೂಂ ಎಂದರು. ಆ ಒಂದು ವರ್ಷ ನನಗೆ ಸಿಕ್ಕಿದ್ದು ಹಾಗೆ.

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಬಿದಿರು ತುಂಬಿದ ಲಾರಿಗಳ ಹಿಂದೆ ತೆವಳುತ್ತ ದಾಂಡೇಲಿಗೆ ಬಂದಿಳಿದೆ. ಮಾಲಕರು ನನ್ನನ್ನು ಕಾರಖಾನೆಯ ಒಂದು ಕೋಣೆಗೆ ಕರೆದೊಯ್ದು ತಾವೇ ಬೀಗ ತೆಗೆದರು. ಒಳಗೆ ಒಂದು ಮರದ ಬೆಂಚು, ಐದು ಖಾಲಿ ಬಾಟಲಿ ಮತ್ತು ಒಂದೇ ತಟ್ಟೆಯಿದ್ದ ಒಂದು ತಕ್ಕಡಿ.

"ಶಾಯಿದು ಮಳಿಗಾಲ ಮುಗದ ಮ್ಯಾಲೆ ನೋಡೂಣು ಬಾಯಾರ," ಎಂದರು. "ಸದ್ಯಕ್ಕ ಹಾಳಿ ಎಣಸೂ ಕಡೆ ಮಂದಿ ಕಡಿಮಿ ಅದಾರ. ನೀವು ಕಲಿತವರು, ಲೆಕ್ಕ ತಪ್ಪೂದಿಲ್ಲ."

ಮರುದಿನದ ಬಸ್ಸು ಬೆಳಿಗ್ಗೆ ಏಳಕ್ಕಿತ್ತು. ನಾನು ಹೋಗಲಿಲ್ಲ.

ಹಾಳೆ ಎಣಿಸುವ ಸಾಲೆಯಲ್ಲಿ ಹತ್ತು ಹೆಂಗಸರು ತಗ್ಗಿನ ಮೇಜುಗಳ ಮುಂದೆ ಕುಳಿತಿದ್ದರು. ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಕಲೆಯಿದ್ದುದನ್ನೂ ಹರಿದುದನ್ನೂ ಎಳೆದು ಹಾಕಿ, ಉಳಿದವನ್ನು ಐದೈದರಂತೆ ಎಣಿಸಬೇಕು. ನೂರಾದಾಗ ಡಬ್ಬಿಯ ಮುಚ್ಚಳದಲ್ಲಿ ಒಂದು ಹುಣಸೆಬೀಜ ಹಾಕಬೇಕು. ಐದು ಬೀಜಕ್ಕೆ ಒಂದು ಕಟ್ಟು. ನನಗೆ ಜಾಗ ಸಿಕ್ಕಿದ್ದು ಹಣೆಯ ತುಂಬ ವಿಭೂತಿ ಹಚ್ಚಿದ್ದ ಒಬ್ಬ ವಯಸ್ಸಾದ ಹೆಂಗಸಿನ ಮಗ್ಗುಲಿಗೆ. ಹಳಿಯಾಳದ ಕಡೆಯವರು, ಗಂಡನಿಲ್ಲದವರು. ಎಲ್ಲರೂ ಅವರನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಏನ್ ಕಲ್ತೀರಿ ಅಕ್ಕೋರ?" ಎಂದು ಮೊದಲ ದಿನ ಕೇಳಿದರು.

"ರಸಾಯನಶಾಸ್ತ್ರ."

"ಅಂದ್ರ?"

"ಯಾವ ವಸ್ತುವಿನಾಗ ಏನೇನೈತಿ ಅಂತ ನೋಡೂದು."

ಅವರು ಒಂದು ಹಾಳೆ ಎಳೆದು ನನ್ನ ಕೈಗೆ ಕೊಟ್ಟರು. "ಹಂಗಾರ ಇದರಾಗ ಏನೈತಿ ಹೇಳ್ರಿ."

ತಿರುಗಿಸಿ ನೋಡಿದೆ. ಏನೂ ಕಾಣಲಿಲ್ಲ. ಅವರು ನನ್ನ ಕೈಯನ್ನು ಹಾಳೆಯ ಸಮೇತ ಕಿಟಕಿಯ ಕಡೆಗೆ ಎತ್ತಿದರು. ಬೆಳಕಿನಲ್ಲಿ ಕೂದಲಿನಷ್ಟು ಸಣ್ಣ ಒಂದು ಬಿದಿರಿನ ನಾರು ಕಂಡಿತು.

"ಎಷ್ಟ ವರ್ಷ ಕಲ್ತೀರಿ ಅಂದ್ರಿ?"

ಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ. ದಾಂಡೇಲಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಒಂದು ವಾರ ಕಳೆಯುವುದರೊಳಗೆ ಅವರ 'ನೀವು' ಹೋಗಿ 'ನೀ' ಆಗಿತ್ತು.

ಕಾಕು ಎಡಚರು. ಅವರಿಗೆ ಹುಣಸೆಬೀಜಗಳ ಮೇಲೆ ನಂಬಿಕೆಯಿರಲಿಲ್ಲ. "ಬೀಜ ಚೆಲ್ಲತಾವ. ಉಗುರು ಎಲ್ಲಿ ಚೆಲ್ಲತೈತಿ?" ಎನ್ನುತ್ತ ನೂರಕ್ಕೊಮ್ಮೆ ಮೂಲೆಯಲ್ಲಿ ಎಡಗೈ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನನಗೂ ಕಲಿಸಿದರು. ನಾನು ಬಲಗೈಯಿಂದ ಒತ್ತಿದರೆ ಕಮಾನಿನ ಬಾಯಿ ಬಲಕ್ಕೆ ತಿರುಗುತ್ತಿತ್ತು, ಅವರದು ಎಡಕ್ಕೆ. ಇಬ್ಬರ ಹಾಳೆ ಒಟ್ಟಿಗಿಟ್ಟು ನೋಡಿ, "ಅತ್ತಿ ಸೊಸಿ ಮುಖ ತಿರಗಿಸಿ ಕುಂತಂಗ ಅದಾವ ನೋಡ," ಎಂದಿದ್ದರು. ಒಂದು ಕಟ್ಟಳೆ ಮಾತ್ರ ಇತ್ತು. ಗುರುತು ಹಾಕುವುದು ಅಗ್ಗದ ಹಾಳೆಗೆ ಮಾತ್ರ. ದಫ್ತರಿನ ದಪ್ಪ ಹಾಳೆಗೆ ಉಗುರು ತಾಗಿಸಕೂಡದು. ಆ ಕುಳಿಯಲ್ಲಿ ಶಾಯಿ ನಿಂತು ಹರಡುತ್ತದೆಂದು ಗಿರಾಕಿಗಳು ಒಮ್ಮೆ ಕಟ್ಟನ್ನೇ ಹಿಂದಕ್ಕೆ ಕಳಿಸಿದ್ದರಂತೆ. ಆಗ ಮಾಲಕರು ಕಾಕುಗೆ ಎಲ್ಲರೆದುರು ತಾಕೀತು ಮಾಡಿದ್ದರು.

ಅವರನ್ನು ಕರೆತರುವಾಗಲೂ ಮಾಲಕರು ಹೇಳಿದ್ದು ಬೇರೆ ಕೆಲಸವನ್ನೇ. "ಮನ್ಯಾಗ ಅಡಗಿ ಮಾಡೂದು ಅಂದಿದ್ರು. ಬಂದು ನೋಡಿದ್ರ ಹಾಳಿ. ಇರ್ಲಿ, ಕುಂಡ್ರೂ ಕೆಲಸ. ಈ ಮೊಣಕಾಲಿಗೆ ಅಷ್ಟ ಸಾಕು." ಅವರ ಬಲ ಮೊಣಕಾಲು ಊದಿಕೊಂಡಿತ್ತು. ಎದ್ದು ನಿಂತರೆ ಅರ್ಧ ಗಳಿಗೆಯಲ್ಲಿ ಗೋಡೆ ಹಿಡಿಯುತ್ತಿದ್ದರು.

ಮನೆಗೆ ಪ್ರತಿ ವಾರ ಪತ್ರ ಬರೆಯುತ್ತಿದ್ದೆ. ಸುಳ್ಳು ಬರೆಯಲಿಲ್ಲ. 'ಇಂದು ಕಾಗದದ ದೋಷಗಳನ್ನು ಪರೀಕ್ಷಿಸಿದೆ' ಎಂದು ಬರೆದೆ. ಶಬ್ದಗಳನ್ನು ಆರಿಸಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ.

ಏಳನೆಯ ತಿಂಗಳಲ್ಲಿ ಅಪ್ಪನ ಕಾರ್ಡು ಬಂತು. ಗುರುವಾರ ಬರುತ್ತೇನೆ, ನಿನ್ನ ಪ್ರಯೋಗಶಾಲೆ ನೋಡಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ ಎಂದಿತ್ತು.

ನನ್ನ ವಿಷಯವನ್ನು ಯಾರಿಗೂ ಹೇಳಿಕೊಳ್ಳದ ನಾನು ಅಂದು ಕಾಕುಗೆ ಎಲ್ಲವನ್ನೂ ಹೇಳಿದೆ. ದೊಡ್ಡಪ್ಪನ ಕರಾರು, ಹುಬ್ಬಳ್ಳಿಯ ಮನೆತನ, ನನ್ನ ಪತ್ರಗಳು. ಅವರು ಎಣಿಕೆ ನಿಲ್ಲಿಸದೆ ಕೇಳಿದರು. ನೂರಾದ ಮೇಲೆ ಗುರುತು ಒತ್ತಿ ತಲೆಯೆತ್ತಿದರು.

"ಆ ಹುಡುಗ ಹೆಂಗದಾನ?"

"ನಾನು ಸರಿಯಾಗಿ ನೋಡಿಲ್ಲ, ಕಾಕು."

"ನೋಡದಾಕಿಗೆ ಲಗ್ನ ಯಾಕ? ಗುರುವಾರ ಮಾಲಕರು ಹುಬ್ಬಳ್ಳಿಗೆ ಹೋಗ್ತಾರ. ಕೋಣಿ ಕೀಲಿ ನಾ ಇಸ್ಕೊಂತೇನಿ."

ಗುರುವಾರ ಬೆಳಿಗ್ಗೆ ಹೆಂಗಸರು ಕೋಣೆಯ ಕಸ ಹೊಡೆದು, ಬಾಟಲಿ ತೊಳೆದು ನೀರು ತುಂಬಿದರು. ಕಾರಖಾನೆಯ ಹಿಂಬದಿಯ ಒಲೆಯ ಮೇಲೆ ನೋಟ್‌ಬುಕ್ಕಿಗೆ ಹಚ್ಚುವ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹಿಡಿಯಬಾರದೆಂದು ಅದಕ್ಕೆ ಮೈಲುತುತ್ತ ಬೆರೆಸುವುದು ರೂಢಿ. ಕಾಕು ಆ ಮೈಲುತುತ್ತ ಒಂದಿಷ್ಟು ತಂದು ಒಂದು ಬಾಟಲಿಗೆ ಹಾಕಿ, ಬಿಸಿಲು ಬೀಳುವ ಹಾಗೆ ಕಿಟಕಿಯಲ್ಲಿಟ್ಟರು. ನೀರು ನೀಲಿಯಾಯಿತು. "ಈಗ ನೋಡ, ಡಾಕ್ಟರ ಮನಿ ಆತು," ಎಂದರು.

ಹತ್ತು ಗಂಟೆಯೊಳಗೆ ನನ್ನ ಪಾಲಿನ ಕಟ್ಟು ಮುಗಿಯಬೇಕಾಗಿತ್ತು. ಅಂದು ನನ್ನ ಮುಂದಿದ್ದದ್ದು ಕ್ಯಾಸಲ್‌ರಾಕಿನ ವ್ಯಾಪಾರಿಗೆ ಹೋಗಬೇಕಾದ ದಫ್ತರಿನ ಹಾಳೆ. ಕಿವಿ ರಸ್ತೆಯ ಕಡೆಗಿತ್ತು. ಬೀಜ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಮರೆತೆ, ಎರಡು ಸಲವೂ ಮೊದಲಿನಿಂದ ಎಣಿಸಿದೆ. ಮೂರನೆಯ ಸಲ ನೂರಕ್ಕೊಮ್ಮೆ ಉಗುರು ಒತ್ತಿದೆ. ತಿಳಿದೇ ಒತ್ತಿದೆ.

ಅಪ್ಪ ಬಂದರು. ಚೀಲದ ತುಂಬ ಅವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಕೋಣೆಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ದೇವರ ಕೋಣೆಗೆ ಬಂದವರ ಹಾಗೆ. ನೀಲಿ ಬಾಟಲಿಯ ಮುಂದೆ ಬಹಳ ಹೊತ್ತು ನಿಂತರು. "ಇದ ಶಾಯಿ ಏನು?" ಎಂದು ಕೇಳಿದರು. ಇನ್ನೂ ಆಗಬೇಕು ಎಂದೆ.

ಆಗಲೇ ಸಾಲೆಯಿಂದ ಮಾಲಕರ ದನಿ ಕೇಳಿತು. ಹುಬ್ಬಳ್ಳಿಗೆ ಹೋಗಿರಲಿಲ್ಲ, ಅರ್ಧ ದಾರಿಯಿಂದ ಹಿಂದಿರುಗಿದ್ದರು. ಕೋಣೆಯ ಒಳಕಿಟಕಿಯಿಂದ ಸಾಲೆ ಪೂರ್ತಿ ಕಾಣುತ್ತಿತ್ತು. ನಾನು ಎಣಿಸಿಟ್ಟ ಕಟ್ಟು ಬಿಚ್ಚಿ, ಅವರು ಒಂದು ಹಾಳೆಯನ್ನು ಮೇಲೆತ್ತಿ ಹಿಡಿದಿದ್ದರು.

"ಯಾರದಿದು ಉಗುರು?"

ಅವರು ಕಮಾನು ಯಾವ ಕಡೆಗಿದೆಯೆಂದು ನೋಡಲಿಲ್ಲ. ಉಗುರು ಎಂದರೆ ಅವರಿಗೆ ಗೊತ್ತಿದ್ದದ್ದು ಒಬ್ಬರೇ.

"ಎಷ್ಟ ಸಲ ಹೇಳಬೇಕು ನಿನಗ? ನಿಂದ ಹೌದಲ್ಲೋ?"

ಕಾಕು ಹಾಳೆ ನೋಡಿದರು. ಬಾಯಿ ಬಲಕ್ಕಿದ್ದುದು ಅವರಿಗೆ ಕಾಣದೇ ಇದ್ದಿರಲಿಕ್ಕಿಲ್ಲ. ಆಮೇಲೆ ಒಮ್ಮೆ ಕಿಟಕಿಯ ಕಡೆಗೆ ನೋಡಿದರು. ಅಲ್ಲಿ ನಾನು ಅಪ್ಪನ ಪಕ್ಕ ನಿಂತಿದ್ದೆ.

"ಹೌದ್ರೀ ಮಾಲಕರ. ನಂದ. ಕೈ ತಪ್ಪಿತು."

"ನಾಳಿಂದ ಅಂಟಿನ ಒಲಿ ಹತ್ರ ನಿಂದ್ರು. ಹಾಳಿ ಮುಟ್ಟಬ್ಯಾಡ."

ಅಪ್ಪ ನನ್ನ ಕಡೆ ತಿರುಗಿದರು. "ಯಾರಾಕಿ?"

"ಕೆಲಸದವರು," ಎಂದೆ.

"ವಯಸ್ಸಾದಾಕಿಗೆ ಹಂಗ ಬೈಬಾರದು," ಎಂದರು ಅಪ್ಪ.

ಆಮೇಲೆ ಮಾಲಕರು ಕೋಣೆಗೆ ಬಂದರು. ನೀಲಿ ಬಾಟಲಿ ನೋಡಿದರು, ನನ್ನನ್ನು ನೋಡಿದರು, ತಾವು ಬರೆದ ಪತ್ರ ಅವರಿಗೂ ನೆನಪಾಗಿರಬೇಕು. "ನಿಮ್ಮ ಮಗಳಿಲ್ಲ ಅಂದ್ರ ನಮ್ಮ ಶಾಯಿ ಇಲ್ರಿ ಮಾಸ್ತರ," ಎಂದರು. ಅಪ್ಪನಿಗೆ ಬಹಳ ಸಂತೋಷವಾಯಿತು. ಊರಿಗೆ ಹೋಗಿ ದೊಡ್ಡಪ್ಪನಿಗೆ ಆ ಮಾತನ್ನು ಎಷ್ಟು ಸಲ ಹೇಳಿದರೋ... ಅಲ್ಲಿಯವರೆಗೂ ಕಾದಿದ್ದ ಹುಬ್ಬಳ್ಳಿಯವರಿಗೆ 'ಇಲ್ಲ' ಎಂದು ಪತ್ರ ಹೋಯಿತು.

ಮರುದಿನ ಒಲೆಯ ಹತ್ತಿರ ಹೋದೆ. ಕಾಕು ಗೋಡೆಗೆ ಒಂದು ಕೈ ಆನಿಸಿ, ಇನ್ನೊಂದರಿಂದ ಅಂಟು ತಿರುವುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, "ನಿಮ್ಮಪ್ಪಾರಿಗೆ ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಸಿಕ್ತಿಲ್ಲೋ?"

"ನಾನು ಮಾಲಕರಿಗೆ ಹೇಳ್ತೇನಿ, ಕಾಕು."

"ಹೇಳಿ? ಅಂವಾ ನಿಮ್ಮಪ್ಪಗ ಕಾಗದ ಹಾಕ್ತಾನ. ನೀ ಊರಿಗೆ, ನಾ ಇಲ್ಲೇ. ಇಬ್ಬರೂ ಕೆಟ್ಟಂಗ ಆತು." ಮತ್ತೆ ತಿರುವತೊಡಗಿದರು. "ಮೊಣಕಾಲು ನಂದು. ನಿಂದೇನ ಹೋತದರಾಗ? ಹೋಗ, ಹಾಳಿ ಎಣಸು. ಬೀಜ ಹಾಕಿ ಎಣಸು, ಮತ್ತ!"

ನಾನು ಹೇಳಲಿಲ್ಲ. ಅವರು ಬೇಡವೆಂದದ್ದಕ್ಕೆ ಹೇಳಲಿಲ್ಲವೆಂದು ಅಂದುಕೊಳ್ಳಲು ಎಂಟು ವರ್ಷ ಪ್ರಯತ್ನಿಸಿದ್ದೇನೆ. ಪೆಟ್ಟಿಗೆಯ ಹಲಗೆಗಳಿಂದ ಒಂದು ಎತ್ತರದ ಸ್ಟೂಲು ಮಾಡಿಸಿ ಒಲೆಯ ಪಕ್ಕದಲ್ಲಿಟ್ಟೆ. ಕಾಕು ಅದನ್ನು ತಟ್ಟಿ ನೋಡಿ, "ಭಾಳ ಚೊಲೊ ಮಾಡಿಸೀದಿ," ಎಂದು ಹೇಳಿ ಅದರ ಮೇಲೆ ಮೈದಾದ ಚೀಲ ಇಟ್ಟರು. ಕೂತರೆ ಅಂಟಿನ ತಳ ಹತ್ತುತ್ತದಂತೆ. ಮುಂದಿನ ನಾಲ್ಕು ತಿಂಗಳು ಅವರು ನಿಂತೇ ಇದ್ದರು. ಮಧ್ಯಾಹ್ನ ಊರಿನ ಕಾಗದದ ಗಿರಣಿಯ ಭೋಂಗಾ ಕೂಗಿದಾಗ ಅವರ ಹತ್ತಿರ ಹೋಗಿ ರೊಟ್ಟಿ ತಿನ್ನುತ್ತಿದ್ದೆ. ಅವರ ಕೈಗೆಲ್ಲ ಅಂಟಿನ ವಾಸನೆ ಇರುತ್ತಿತ್ತು, ಉಗುರಿನ ಸಂದಿಯಲ್ಲಿ ತುಸು ನೀಲಿ...

ಧಾರವಾಡದ ಕಾಲೇಜಿನಲ್ಲಿ ಪ್ರಯೋಗಶಾಲೆಯ ಕೆಲಸ ಸಿಕ್ಕಿತು. ನಿಜವಾದ ಪ್ರಯೋಗಶಾಲೆ. ಹೊರಡುವಾಗ ಕಾಕು, "ಇಲ್ಲಿ ತಕ್ಕಡಿಗೆ ಒಂದ ತಟ್ಟಿ ಅಂತಿದ್ದಿ. ಅಲ್ಲಿ ಮೊದಲ ಅದನ್ನ ನೋಡ್ಕೊ," ಎಂದರು. ಬಂದು ಕಾಣುತ್ತೇನೆಂದು ಹೇಳಿ ಬಂದೆ. ದಾಂಡೇಲಿ ಏನು ಮಹಾ ದೂರ! ಹೋಗಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಹಳಿಯಾಳದ ಬಸ್ ನಿಲ್ದಾಣದಲ್ಲಿ ಹಾಳೆ ಎಣಿಸುವ ಸಾಲೆಯ ಹಳೆಯ ಗೆಳತಿಯೊಬ್ಬಳು ಸಿಕ್ಕಳು. "ಕಾಕು ಹೋದ್ರಲ್ರಿ ಅಕ್ಕೋರ, ಶ್ರಾವಣದಾಗ," ಎಂದಳು. ಅವಳ ಬಸ್ಸು ಹೊರಟಿತ್ತು. ಕೊನೆಯವರೆಗೂ ಒಲೆಯ ಹತ್ತಿರವೇ ನಿಂತಿದ್ದರೇ ಎಂದು ನಾನು ಕೇಳಲಿಲ್ಲ.

ಮೊನ್ನೆ ಆ ಕಂದು ಕಾಗದದ ಮುದ್ರೆಯಲ್ಲಿ ಕಟ್ಟು ಕಟ್ಟಿದ ತಿಂಗಳೂ ಇತ್ತು. ಕಳೆದ ವರ್ಷದ ಬೇಸಿಗೆಯದು. ಅವರು ತೀರಿಕೊಳ್ಳುವ ಮೂರು ತಿಂಗಳು ಮೊದಲು. ಹಾಗಾದರೆ ಅವರನ್ನು ಮತ್ತೆ ಹಾಳೆಯ ಮುಂದೆ ಕೂರಿಸಿದ್ದರು. ಎಡಚರು ಇನ್ನೊಬ್ಬರು ಬಂದಿರಲೂಬಹುದು. ಅದನ್ನು ತಿಳಿಯುವ ದಾರಿ ನನಗಿಲ್ಲ. ಸಂಜೆ ದೀಪ ಹಚ್ಚುವವರೆಗೂ ಆ ಹಾಳೆಯನ್ನು ಹಿಡಿದು ಕುಳಿತಿದ್ದೆ. ಆಮೇಲೆ ಅದೊಂದನ್ನು ಪುಸ್ತಕದೊಳಗಿಟ್ಟುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅಪ್ಪ ಪಡಸಾಲೆಯ ಬಿಸಿಲಿನಲ್ಲಿ ಕುಳಿತಿದ್ದರು. ಅವರಿಗೆ ಈಗ ಕಣ್ಣು ಮಂಜು. ಓದುವುದನ್ನು ಬಿಟ್ಟು ಎರಡು ವರ್ಷವಾಯಿತು. ಅವರ ಪಕ್ಕದಲ್ಲಿ ಕುಳಿತು, ಹಾಳೆಯನ್ನು ತೊಡೆಯ ಮೇಲೆ ಹರಡಿ, ಅವರ ಹೆಬ್ಬೆರಳನ್ನು ಹಿಡಿದು ಆ ಕಮಾನಿನ ಮೇಲಿಟ್ಟೆ. ಅವರು ಮೆಲ್ಲಗೆ ಸವರಿ ನೋಡಿದರು.

"ಯಾರದಿದು?"

"ದಾಂಡೇಲಿಯೊಳಗ ಅವತ್ತು ಬೈಸಿಕೊಂಡ್ರಲ್ಲ ಅಪ್ಪಾ, ಆ ಕಾಕುಂದು. ನಾವಿಬ್ಬರೂ ಒಂದ ಮೇಜಿಗೆ ಕುಂತು ಹಾಳಿ ಎಣಸ್ತಿದ್ವಿ," ಎಂದೆ. "ಅವತ್ತಿನ ಗುರುತು ನಂದಿತ್ತು."