ಅಮ್ಮನ ದಾಳಿಂಬೆ ಕ್ಲೌಡಿಗೆ ಹೋದದ್ದು

ಬುಖಾರಾ ಕಡೆಯ ನುರೋತಾ ಊರಿನಲ್ಲಿ ಮದುವೆಗೆ ಬಂದ ಹೆಣ್ಣಿದ್ದ ಮನೆಯವರು ಮೊದಲು ಬಾಗಿಲು ತಟ್ಟುತ್ತಿದ್ದುದು ಹೊಸಿಯತ್ ಖೋಲಾಳದು, ಅಂದರೆ ಊರಿಗೆಲ್ಲ ಚಿಕ್ಕಮ್ಮನಾದ ಹೊಸಿಯತ್‌ಳದು. ಹೆಣ್ಣಿನ ಜೊತೆ ಗಂಡನ ಮನೆಗೆ ಹೋಗುವ ಕಸೂತಿ ಪರದೆ, ಅಂದರೆ ಸುಜಾನಿ, ಅದರ ಚಿತ್ರ ಬರೆಯುವುದು ಅವಳ ಕಸುಬು. ಕೈಮಗ್ಗದ ಬಟ್ಟೆಯ ನಾಲ್ಕು ಪಟ್ಟಿಗಳನ್ನು ಸಡಿಲ ಹೊಲಿಗೆಯಲ್ಲಿ ಜೋಡಿಸಿ ನೆಲದ ಮೇಲೆ ಹಾಸುತ್ತಿದ್ದಳು. ಮಂಡಿಯೂರಿ ಕೂತು ಬಿದಿರಿನ ಲೇಖನಿಯಿಂದ ಬಳ್ಳಿ, ಹೂ, ಹಣ್ಣು ಎಳೆಯುತ್ತಿದ್ದಳು. ಎಳೆದಾದ ಮೇಲೆ ಹೊಲಿಗೆ ಬಿಚ್ಚಿ ಪಟ್ಟಿಗೊಬ್ಬಳಂತೆ ನಾಲ್ವರು ಹೆಂಗಸರಿಗೆ ಕಸೂತಿಗೆ ಕೊಡುತ್ತಿದ್ದಳು. ಹೊಲಿಯುವವಳಿಗೆ ಕಾಣುವುದು ತನ್ನ ಪಟ್ಟಿ ಮಾತ್ರ. ಪೂರ್ತಿ ಚಿತ್ರ ಗೊತ್ತಿರುವುದು ಎಳೆದವಳಿಗೆ. ಅವಳ ತಾಯಿಯ ಕಾಲದಿಂದಲೂ ಕೆಲಸ ನಡೆಯುತ್ತಿದ್ದುದು ಹೀಗೆಯೇ.

ಗಂಡ ಸತ್ತ ಮೇಲೆ ಹೊಸಿಯತ್ ಮಗನನ್ನೂ ಮಗಳನ್ನೂ ಸಾಕಿದ್ದು ತಾಯಿಯ ಒಂದು ಚಿತ್ರದಿಂದ. ಬಾಯಿ ಬಿಟ್ಟ ದಾಳಿಂಬೆ, ಅದನ್ನು ಸುತ್ತಿ ಬಂದು ತನ್ನ ಬುಡವನ್ನೇ ಮುಟ್ಟುವ ಬಳ್ಳಿ. ಅಂಥ ಬಳ್ಳಿಯನ್ನು ಆ ಊರಿನಲ್ಲಿ ಬೇರೆ ಯಾರೂ ಎಳೆಯುತ್ತಿರಲಿಲ್ಲ. ಅದು ಕೈಬಿಟ್ಟರೆ ತಾನು ಹತ್ತರಲ್ಲಿ ಹನ್ನೊಂದನೆಯವಳು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇರಬೇಕು, ಅವಳು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವಳು ಬಂದರೆ ಬೆರಳದ್ದಿ ನೋಡುತ್ತಿದ್ದಳು. ಡಾಕ್ಟರು ಕೊಟ್ಟ ಗುಳಿಗೆಯನ್ನು, ಅದೇ ಗುಳಿಗೆಯನ್ನು ಪಕ್ಕದ ಮನೆಯವಳು ನುಂಗಿ ಎರಡು ದಿನ ಬದುಕಿದ ಮೇಲೆ ನುಂಗುತ್ತಿದ್ದಳು.

ಚಿತ್ರಗಳ ಫೋಟೋ, ಬಂದ ಬೇಡಿಕೆ, ಯಾವ ಪಟ್ಟಿ ಯಾರ ಹತ್ತಿರ ಇದೆ ಎನ್ನುವುದು, ಇವೆಲ್ಲ ಸೊಸೆ ಗುಲ್ಚೆಹ್ರಾಳ ಫೋನಿನಲ್ಲಿದ್ದವು. ಒಂದು ದಿನ ಸೊಸೆ ಚಹಾ ಬಗ್ಗಿಸುತ್ತಾ ಅತ್ತೆಯ ಮುಂದೆ ಮಾತು ತೆಗೆದಳು.

"ಓಯಿಜಾನ್, ಬುಖಾರಾದ ಮಸ್ತುರಾ ಓಪಾ ಖಡಾಖಂಡಿತ ಹೇಳ್ಬಿಟ್ರು. ಇನ್ಮೇಲೆ ಎಲ್ಲ ಕ್ಲೌಡಲ್ಲಿ ಇರ್ಬೇಕಂತೆ. ಚಿತ್ರ ಯಾವುದು, ಪಟ್ಟಿ ಯಾರ ಹತ್ರ ಇದೆ ಅಂತ ಅವ್ರು ಅಂಗಡೀಲೇ ಕೂತು ನೋಡ್ತಾರಂತೆ. ಇಲ್ಲಾಂದ್ರೆ ಕೆಲಸ ಬಾರ್ನೊ ಮನೆಗೆ ಕೊಡ್ತಾರಂತೆ."

ಸೊಸೆ ಓಪಾ, ಅಂದರೆ ಅಕ್ಕ, ಎಂದು ಕರೆಯುವ ಮಸ್ತುರಾ ಇವರ ಮಾಲನ್ನು ಪ್ರವಾಸಿಗರಿಗೆ ಮಾರುವ ವ್ಯಾಪಾರಿ. ಬಾರ್ನೊ ಹಿಂದಿನ ಬೀದಿಯವಳು, ಅದೇ ಕಸುಬಿನವಳು.

"ಬಾರ್ನೊ ಹಾಕಿದಾಳಾ?"

"ಆಗ್ಲೇ ಹಾಕಿದಾರೆ."

"ಹಾಕ್ತಾಳೆ. ಅವಳ ಹತ್ರ ಕದಿಯೋ ಅಂಥದ್ದು ಏನಿದೆ? ಹೂ ಎಳೆದ್ರೆ ಎಲೆಕೋಸು ಅಂತಾರೆ ಜನ. ಇರ್ಲಿ, ಅದು ಇರೋದು ಎಲ್ಲಿ?"

"ಯಾವುದೋ ಊರಲ್ಲಿ ದೊಡ್ಡ ಕಂಪ್ಯೂಟರುಗಳು ಇರ್ತವೆ. ನಮ್ಮದು ಅದರೊಳಗೆ ಇರುತ್ತೆ. ಬೇಕಾದಾಗ ಫೋನಲ್ಲಿ ತೆಗೆದು ನೋಡೋದು. ಯಾರು ಬಂದು ನೋಡ್ತಿದಾರೆ ಅಂತ ಮೂಲೇಲಿ ಹೆಸರೂ ಬರುತ್ತೆ."

"ಯಾವುದೋ ಊರು, ಯಾರದೋ ಮನೆ. ಬಾಡಿಗೆ ಎಷ್ಟು?"

"ಮೊದಲ ಮೂರು ತಿಂಗಳು ಬಿಟ್ಟಿ."

"ಹಾಂ, ನೋಡು! ಬಿಟ್ಟಿ ಕೊಡೋನಿಗೆ ನಮ್ಮ ಮನೇಲಿ ಏನೋ ಬೇಕಾಗಿದೆ."

ಅವಳು ಬಾಯಿ ಬಿಟ್ಟು ಹೇಳದ ಇನ್ನೊಂದು ಮಾತಿತ್ತು. ಗುಲ್ಚೆಹ್ರಾಳ ಒಡಹುಟ್ಟಿದ ಅಕ್ಕ ಬಾರ್ನೊ ಮನೆಯ ಸೊಸೆ. ಈ ಕ್ಲೌಡಿನ ಬುದ್ಧಿ ಆ ಮನೆಯಿಂದ ಬಂತೋ ಹೇಗೆ ಎಂದು ಹೊಸಿಯತ್ ಅಂದಿನಿಂದ ಸೊಸೆಯ ಮುಖವನ್ನೂ ಹಾಲಿನಂತೆಯೇ ನೋಡತೊಡಗಿದಳು.

ಅದೇ ವಾರ ಗುಲ್ಚೆಹ್ರಾ ರೊಟ್ಟಿ ಬಡಿಯಲು ತಂದೂರಿನೊಳಕ್ಕೆ ಬಗ್ಗಿದಾಗ ಎದೆಯ ಕಿಸೆಯಲ್ಲಿದ್ದ ಫೋನ್ ಜಾರಿ ಕೆಂಡಕ್ಕೆ ಬಿತ್ತು. ರೊಟ್ಟಿ ಬೆಂದಿತು, ಫೋನೂ ಬೆಂದಿತು. ಎಷ್ಟೋ ವರ್ಷದ ಚಿತ್ರಗಳು ಹೊಗೆಯಾದವು. ಮೂರು ಮದುವೆ ಮನೆಯವರು ಏನೇನು ಹೇಳಿದ್ದರೆಂದು ಅವರನ್ನೇ ಹೋಗಿ ಕೇಳಬೇಕಾಯಿತು. ಒಬ್ಬಳು ತಾಯಿ, "ನಿಮ್ಮ ತಲೆಯೂ ಒಲೆಗೆ ಬಿತ್ತಾ ಖೋಲಾ?" ಎಂದು ನಕ್ಕಳು. ಹೊಸಿಯತ್‌ಗೆ ನಗು ಬರಲಿಲ್ಲ.

ಕೊನೆಗೆ ಅವಳು ಒಪ್ಪಿದಳು, ತನ್ನದೇ ಕರಾರಿನ ಮೇಲೆ. "ಹೊಲಿಯೋಕೆ ಕೊಡೋ ಹಾಗೇ ಕೊಡು. ನಾಲ್ಕು ಪಟ್ಟಿ, ನಾಲ್ಕು ಕಡೆ. ಯಾರಿಗೂ ಪೂರ್ತಿ ಕಾಣಬಾರದು."

"ಓಯಿ, ಕ್ಲೌಡಲ್ಲಿ ಹಾಗೆ ಯಾರೂ ಮಾಡಲ್ಲ."

"ನಾವು ಮಾಡ್ತೀವಿ."

ಮೊದಲ ಪಟ್ಟಿಯ ಫೋಟೋ ಮಗನ ಖಾತೆಗೆ, ಎರಡನೆಯದು ಗುಲ್ಚೆಹ್ರಾಳ ಖಾತೆಗೆ, ಮೂರನೆಯದು ನವೋಯಿಯಲ್ಲಿದ್ದ ಮಗಳ ಖಾತೆಗೆ, ನಾಲ್ಕನೆಯದು ಹೊಸಿಯತ್‌ಗೆಂದೇ ತೆರೆದ ಹೊಸ ಖಾತೆಗೆ ಹೋಯಿತು. ಮಸ್ತುರಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಒಂದು ಪರದೆ ನೋಡೋಕೆ ನಾಲ್ಕು ಮನೆಗೆ ನೆಂಟಸ್ತನ ಬೆಳೆಸ್ಬೇಕಾ ಖೋಲಾ? ಆಗ್ಲಿ, ದಾಳಿಂಬೆ ನಿಮ್ಮದು, ಹಟವೂ ನಿಮ್ಮದೇ."

ಫೋಟೋ ತೆಗೆದಾದ ಮೇಲೆ ಹೊಸಿಯತ್ ಮತ್ತೆ ಲೇಖನಿ ಹಿಡಿದಳು. ಎಲ್ಲಿಯದೋ ಯಂತ್ರದ ಕಣ್ಣು ಬಿದ್ದ ಬಟ್ಟೆ ಅದು. ದೃಷ್ಟಿ ತಾಕದಿರಲೆಂದು ಪ್ರತಿ ಪಟ್ಟಿಯ ಮೇಲೂ ಎಲೆಯ ಸಂದಿಯಲ್ಲಿ ಒಂದು ಪುಟ್ಟ ಮೆಣಸಿನಕಾಯಿ ಎಳೆದಳು. ಆಮೇಲೆ ಪಟ್ಟಿಗಳನ್ನು ಹಂಚಿದಳು. ಎರಡನೆಯ ಪಟ್ಟಿ ಅವಳ ತಂಗಿ ರಿಸೊಲತ್‌ಗೆ ಹೋಯಿತು. ಊರಿನಲ್ಲಿ ರಿಸೊಲತ್‌ಳಷ್ಟು ಸಣ್ಣಗೆ ಸೂಜಿ ಆಡಿಸುವವರು ಇರಲಿಲ್ಲ.

ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಮಸ್ತುರಾಳ ಕರೆ ಬಂತು. ಈ ಸಲ ನಗು ಇರಲಿಲ್ಲ. "ಖೋಲಾ, ನಿಮ್ಮ ದಾಳಿಂಬೆ ಇಲ್ಲಿ ದಿಂಬಿನ ಚೀಲದ ಮೇಲೆ ಕೂತಿದೆ. ನಮ್ಮ ಸಾಲಿನ ಅಂಗಡೀಲೇ. ಎಲ್ಲರ ಹತ್ರ ಸಿಗೋದಾದ್ರೆ ನಾನು ಯಾಕೆ ತಗೊಳ್ಳಿ?" ಜೊತೆಗೆ ಒಂದು ಫೋಟೋ ಕಳಿಸಿದಳು.

ಹೊಸಿಯತ್ ನೋಡಿದಳು. ಎರಡನೆಯ ಪಟ್ಟಿಯ ದಾಳಿಂಬೆ. ಉಳಿದ ಮೂರು ಪಟ್ಟಿಗಳದು ಏನೂ ಇಲ್ಲ.

"ಎರಡನೇದು ಯಾರ ಖಾತೇಲಿತ್ತು?" ಎಂದು ಸೊಸೆಯನ್ನು ಕೇಳಿದಳು.

"ನನ್ನದರಲ್ಲಿ."

"ನಿನ್ನ ಅಕ್ಕ ಯಾರ ಮನೇಲಿದಾಳೆ?"

ಗುಲ್ಚೆಹ್ರಾ ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟಳು. "ನಾಲ್ಕೂ ಖಾತೆ ತೆರೆದವಳು ನಾನೇ ಓಯಿ. ಕದಿಯೋ ಹಾಗಿದ್ರೆ ನಾಲ್ಕೂ ಕದೀತಿದ್ದೆ. ಒಂದು ಕದಿಯೋ ಅಷ್ಟು ದಡ್ಡಿಯಾ ನಾನು?"

"ಜಾಣೆಯರು ಹಾಗೇ ಮಾಡೋದು."

ಸೊಸೆ ಎದ್ದಳು. ಒಳಗೆ ಹೋಗಿ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು. ಬಾಡಿಗೆ ಕಾರು ಓಡಿಸುವ ಗಂಡ ಮನೆಗೆ ಬರಲಿ, ತವರಿಗೆ ಬಿಟ್ಟುಬರಲಿ ಎಂದಷ್ಟೇ ಹೇಳಿದಳು.

ಅವಳ ಹೊಸ ಫೋನ್ ಹೊರಗಿನ ಜಗಲಿಯ ಮೇಲೆಯೇ ಉಳಿದಿತ್ತು. ಹೊಸಿಯತ್ ಅದನ್ನು ಎತ್ತಿಕೊಂಡಳು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದನ್ನು ಅವಳು ನೋಡಿ ಕಲಿತಿದ್ದಳು. ಬುಖಾರಾದ ದಿಂಬನ್ನು ಹಿಗ್ಗಿಸಿ, ಎಲೆ ಎಲೆಯಾಗಿ ನೋಡುತ್ತಾ ಹೋದಳು. ಒಂದು ಎಲೆಯ ಸಂದಿಯಲ್ಲಿ ಕೆಂಪು ದಾರದ ಪುಟ್ಟ ಮೆಣಸಿನಕಾಯಿ ಇತ್ತು.

ಕ್ಲೌಡಿಗೆ ಹೋದ ಫೋಟೋದಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಇದ್ದದ್ದು ಬಟ್ಟೆಯ ಮೇಲೆ. ಎರಡನೆಯ ಪಟ್ಟಿಯ ಬಟ್ಟೆ ಇದ್ದದ್ದು ಒಂದೇ ಮನೆಯಲ್ಲಿ.

ಹೊಸಿಯತ್ ಹೋದಾಗ ರಿಸೊಲತ್ ತನ್ನ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ದಾರ ಬಿಡಿಸುತ್ತಿದ್ದಳು. "ಬನ್ನಿ ಓಪಾ, ಚಹಾ ಕುಡೀರಿ," ಎಂದಳು.

"ಬುಖಾರಾಕ್ಕೆ ಎಷ್ಟು ದಿಂಬು ಕಳಿಸ್ದೆ?"

ರಿಸೊಲತ್ ತಲೆ ಎತ್ತಲಿಲ್ಲ. "ನನಗೆ ಸಿಕ್ಕಷ್ಟರಲ್ಲಿ ಮಾಡಿದೆ. ಅಮ್ಮ ನಿಮಗೆ ಲೇಖನಿ ಕೊಟ್ಟಳು, ನನಗೆ ಸೂಜಿ ಕೊಟ್ಟಳು. ದಾಳಿಂಬೆ ಮಾತ್ರ ನಿಮ್ಮೊಬ್ಬರ ಅಮ್ಮಂದಾ?"

"ಕೇಳ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಹೊಸಿಯತ್ ಮುಖವನ್ನು ಮರದ ಕಡೆ ತಿರುಗಿಸಿದಳು.

"ನಲವತ್ತು ವರ್ಷ ಅದನ್ನ ಹೊಲಿದಿದೀನಿ," ಎಂದಳು ರಿಸೊಲತ್. "ಒಂದು ಸಲ ಎಡಗಡೆ, ಒಂದು ಸಲ ಬಲಗಡೆ. ಜೋಡಿಸಿದ ಮೇಲೆ ನೀವು ನೇರ ಮದುವೆ ಮನೆಗೆ ಕಳಿಸ್ತೀರಿ. ನಮ್ಮಮ್ಮನ ಬಳ್ಳಿ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಹೊಸಿಯತ್ ಚಹಾ ಕುಡಿಯದೆ ಎದ್ದು ಬಂದಳು. ಮನೆಯಲ್ಲಿ ಸೊಸೆ ಗಂಟಿನ ಪಕ್ಕದಲ್ಲಿ ಕೂತಿದ್ದಳು.

"ಗಂಟು ಬಿಚ್ಚು," ಎಂದಳು. "ನಿನ್ನ ಮೇಲೆ ಹಾಕಿದ್ದು ಸುಳ್ಳು. ಕದ್ದವಳು ನನ್ನ ತಂಗಿ."

ಗುಲ್ಚೆಹ್ರಾ ಕದಲಲಿಲ್ಲ.

"ಬಿಚ್ಚಮ್ಮಾ. ಕೆಲಸ ಇದೆ. ಕ್ಲೌಡಲ್ಲಿ ನಾಲ್ಕೂ ಪಟ್ಟಿ ಒಂದೇ ಕಡೆ ಹಾಕು. ಆ ದಿಂಬೂ ನಮ್ಮ ಮನೇದೇ, ನನ್ನ ತಂಗಿ ಹೊಲಿದದ್ದು, ಇನ್ಮೇಲೆ ನಿಮಗೇ ಬರುತ್ತೆ ಅಂತ ಮಸ್ತುರಾಗೆ ಹೇಳು. ರಿಸೊಲತ್‌ಗೂ ಅದರ ಬಾಗಿಲು ತೆಗೆದುಕೊಡು, ಪೂರ್ತಿ ನೋಡ್ಲಿ."

"ಕದ್ದವ್ರಿಗಾ?" ಸೊಸೆಯ ಕೈ ಗಂಟಿನ ಮೇಲೆಯೇ ಇತ್ತು.

"ಅವಳ ಮನೇಲಿ ಅವಳು ಏನು ಮಾಡ್ತಾಳೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಕ್ಲೌಡಲ್ಲಾದ್ರೆ ಯಾರು ಬಂದ್ರು, ಯಾವಾಗ ಬಂದ್ರು ಅಂತ ಕಾಣುತ್ತೆ ಅಂದಿದ್ದೆಯಲ್ಲ? ನಂಬಿ ಹಾಕ್ತಿಲ್ಲ ನಾನು. ನಂಬಿಕೆ ಇಲ್ಲ, ಅದಕ್ಕೇ ಹಾಕ್ತಿದೀನಿ."

ಗುಲ್ಚೆಹ್ರಾ ಮೊದಲು ಗಂಟು ಬಿಚ್ಚಿದಳು, ಆಮೇಲೆ ಫೋನ್ ತೆಗೆದುಕೊಂಡಳು. ಸಂಜೆ ಅತ್ತೆ ಸೊಸೆ ಕಲ್ಲಂಗಡಿ ತಿನ್ನುತ್ತಾ ಕೂತಿದ್ದಾಗ ಫೋನಿನ ಪರದೆಯ ಮೂಲೆಯಲ್ಲಿ ರಿಸೊಲತ್ ಹೆಸರು ಮೂಡಿತು.

"ಬಂದ್ರು," ಎಂದಳು ಸೊಸೆ.

ಹೊಸಿಯತ್ ಹಣ್ಣಿನ ಸಿಪ್ಪೆ ತಟ್ಟೆಯಲ್ಲಿಟ್ಟಳು, ಕೈ ಒರೆಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಹೋದಳಾ?"

"ಇಲ್ಲ. ಅಲ್ಲೇ ಇದಾರೆ."

ಮಗ ಬಂದ, ಊಟ ಮಾಡಿದ. ಹೆಸರು ಮೂಲೆಯಲ್ಲಿ ಇನ್ನೂ ಇತ್ತು.

"ಇಷ್ಟು ಹೊತ್ತು ಏನು ನೋಡ್ತಾಳೆ ಅವಳು!" ಎಂದು ಹೊಸಿಯತ್ ಗೊಣಗಿದಳು. ಫೋನನ್ನು ಮಾತ್ರ ಮುಚ್ಚಲು ಬಿಡಲಿಲ್ಲ.