ಶರಣು ಕಾಕಾನ ಗಾಡಿ ಬಿಚ್ಚಿದಾಗ

ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಹಳೆಯ ಗಾಡಿಗಳ ಹೊಗೆಗೆ ಒಂದು ಸಿಹಿಯಾದ ಸುಟ್ಟ ವಾಸನೆ ಇರುತ್ತಿತ್ತು. ನಿಮ್ಮಲ್ಲೂ ಕೆಲವರಿಗೆ ಅದು ನೆನಪಿರಬೇಕು. ಹೋದ ಬೇಸಿಗೆಯಲ್ಲಿ ಚಿತ್ತಾಪುರದ ಬಸ್ ಸ್ಟ್ಯಾಂಡಿನ ಎದುರು ಯಾರೋ ಅಂಥದೊಂದು ಗಾಡಿ ಓಡಿಸಿಕೊಂಡು ಹೋದರು. ಹೊಗೆ ಮೂಗಿಗೆ ಬಡಿದದ್ದೇ, ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಹಿಡಿದಿದ್ದ ನಾನು ನಿಂತಲ್ಲೇ ನಿಂತುಬಿಟ್ಟೆ. ಐವತ್ತರ ಹತ್ತಿರ ಬಂದ ಮಾಸ್ತರ ನಾನು, ಆ ಗಳಿಗೆಯಲ್ಲಿ ಶಹಾಬಾದಿನ ನಮ್ಮ ಅಂಗಳದಲ್ಲಿ ಎಂಟು ವರ್ಷದ ಹುಡುಗನಾಗಿದ್ದೆ.

ಆ ಮನೆಯಲ್ಲಿ ಈಗಲೂ ನಾನೇ ಇದ್ದೇನೆ, ಆದರೆ ಆ ಮನೆ ಇಲ್ಲ. ಆಗ ಅಪ್ಪನ ತಾಯಿ, ನಮ್ಮ ಆಯಿ ಇದ್ದಳು, ಅಪ್ಪ, ಅವ್ವ ಇದ್ದರು, ಅಪ್ಪನ ತಮ್ಮ ಶರಣು ಕಾಕಾ ಇದ್ದ, ಅವನನ್ನು ಮದುವೆಯಾಗಿ ಐನಾಪುರದಿಂದ ಬಂದ ಮಾದೇವಿ ಕಾಕಿ ಇದ್ದಳು. ಬೇಸಿಗೆಯ ಮಧ್ಯಾಹ್ನ ಕಾಕಿ ಪಡಸಾಲೆಯ ಫರಸಿ ಕಲ್ಲಿಗೆ ನೀರು ಚಿಮುಕಿಸಿದರೆ ನಾನು ಹೊಟ್ಟೆ ಅಡಿಯಾಗಿ ಮಲಗಿ ಆ ತಂಪಿಗೆ ಗಲ್ಲ ಒತ್ತುತ್ತಿದ್ದೆ. ಕಾಕಾ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ದುಡಿಯುತ್ತಿದ್ದ. ಸಂಜೆ ಬಂದಾಗ ಅವನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ, ಮುದುಕನ ಮುಖದೊಳಗೆ ಹರೆಯದ ಕಣ್ಣು. ಅಪ್ಪ ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದ. ಅಣ್ಣತಮ್ಮ ಇಬ್ಬರೂ ಸೇರಿ ಒಂದು ಮೋಟಾರ್ ಸೈಕಲ್ ಕೊಂಡಿದ್ದರು, ಎರಡು ಸೈಲೆನ್ಸರಿನದು. ಟ್ಯಾಂಕು ತುಂಬಿಸಿ ತಂದಾಗಲೆಲ್ಲ ಮನೆಯಲ್ಲಿಟ್ಟಿದ್ದ ಡಬ್ಬಿಯಿಂದ ಅಳತೆ ಎಣ್ಣೆ ಹಾಕಿ, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ ಬೆರೆಸಬೇಕಿತ್ತು. ಅಲ್ಲಾಡಿಸುವಾಗ ನನ್ನನ್ನು ಮೇಲೆ ಕೂಡಿಸುತ್ತಿದ್ದರು. ನನಗದು ತೊಟ್ಟಿಲು.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಕಾಕಾ ಸತ್ತ. ತವರಿಗೆ ಹೋಗಿದ್ದ ಕಾಕಿಯನ್ನೂ ಆರು ತಿಂಗಳ ಕೂಸನ್ನೂ ನೋಡಿಬರಲು ಹೊರಟಿದ್ದ. ಸೇಡಂ ದಾಟಿ ಚಿಂಚೋಳಿ ರಸ್ತೆಯಲ್ಲಿ, ಹಾಡುಹಗಲು, ಎದುರಿಗೆ ಒಂದು ಎತ್ತಿನ ಬಂಡಿಯೂ ಇಲ್ಲದ ನೇರ ರಸ್ತೆಯಲ್ಲಿ ಬಿದ್ದ. ಮದುವೆಗೆ ಮುಂಚೆ ಅವನಿಗೆ ಆಗೀಗ ಕುಡಿಯುವ ಚಟವಿತ್ತು. ಖಾಲಿ ರಸ್ತೆಯಲ್ಲಿ ಬಿದ್ದಾನೆಂದರೆ ಕುಡಿದೇ ಬಿದ್ದಿರಬೇಕು ಎಂದು ಮಂದಿ ಅಂದರು. ಮೂರು ದಿನದಲ್ಲಿ ಆಯಿಯೂ ಅದನ್ನೇ ಅಂದಳು. ಕಾಕಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಟೆಂಪೋದಲ್ಲಿ ಹಾಕಿ ತಂದ ಗಾಡಿಯನ್ನು ಅಪ್ಪ ಹಿತ್ತಲಿನ ತಗಡಿನ ಕೆಳಗೆ ನಿಲ್ಲಿಸಿ ಮೇಲೆ ತಾಡಪತ್ರಿ ಬಿಗಿದ. ಆಮೇಲೆ ಬದುಕಿರುವತನಕ ಅವನು ಯಾವ ಮೋಟಾರ್ ಸೈಕಲ್ಲನ್ನೂ ಹತ್ತಲಿಲ್ಲ. ಪ್ಯಾಸೆಂಜರ್ ರೈಲಿನಲ್ಲೇ ವಾಡಿಗೆ ಹೋಗಿ ಬಂದ. ವರ್ಷಕ್ಕೊಮ್ಮೆ ಒಂದು ಸೀರೆ ಹಿಡಿದು ಐನಾಪುರಕ್ಕೆ ಹೋಗುತ್ತಿದ್ದ. ಹಿರಿಯಣ್ಣನ ಕರ್ತವ್ಯ ಎಂದುಕೊಂಡಿದ್ದೆ.

ಆಯಿ, ಅವ್ವ ಹೋಗಿ ವರ್ಷಗಳಾಗಿದ್ದವು. ಆ ಬೇಸಿಗೆಯ ಹಿಂದಿನ ವರ್ಷ ಅಪ್ಪನೂ ಹೋಗಿದ್ದ. ಚಿತ್ತಾಪುರದಲ್ಲಿ ಆ ಹೊಗೆ ಮೂಗಿಗೆ ಬಡಿದ ವಾರವೇ ನಾನು ತಾಡಪತ್ರಿ ಬಿಚ್ಚಿದೆ. ರಜೆಯಲ್ಲಿ ಇದನ್ನು ಮೊದಲಿನಂತೆ ಮಾಡಬೇಕು, ಕಾಕಾನ ನೆನಪಿಗೆ ಇದೊಂದಾದರೂ ನಡೆಯುತ್ತಿರಲಿ ಎಂಬ ಆಸೆ. ಸೀಮೆ‌ಎಣ್ಣೆ ಹಚ್ಚಿ ತುಕ್ಕು ಉಜ್ಜಿದೆ. ಕಡ್ಡಿ ಮುರಿದ ಗಾಲಿಗೆ ಶಹಾಬಾದಿನ ಗುಜರಿಯಲ್ಲಿ ಇನ್ನೊಂದು ಗಾಲಿ ಸಿಕ್ಕಿತು, ಹ್ಯಾಂಡಲ್ಲು ಸೇಡಮ್ಮಿನಲ್ಲಿ. ಕಿಕ್ ಮಾತ್ರ ಅಲ್ಲಾಡಲಿಲ್ಲ. ಎರಡನೇ ಭಾನುವಾರ ಪಾನಾ ಹಿಡಿದು ಎಂಜಿನ್ನಿನ ಹೆಡ್ ಬಿಚ್ಚಿದೆ. ಪಿಸ್ಟನ್ನು ಕರಗಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿತ್ತು, ಉದ್ದಕ್ಕೂ ಉಗುರಿನಿಂದ ಪರಚಿದಂಥ ಗೆರೆ. ನನ್ನನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ಹೆಡ್ಡಿಗೂ ಸಿಲಿಂಡರಿಗೂ ನಡುವೆ ಕೂಡಿಸುವ ತಗಡಿನ ಬಳೆಯಿದೆಯಲ್ಲ, ಗ್ಯಾಸ್ಕೆಟ್ಟು, ಅದು ಹೊಚ್ಚ ಹೊಸದಿತ್ತು. ಬೆಂಕಿ ಕಂಡ ಕಲೆಯೇ ಇರಲಿಲ್ಲ. ಗಾಡಿ ಬಿದ್ದ ಮೇಲೆ ಯಾರೋ ಎಂಜಿನ್ ಬಿಚ್ಚಿ, ಒಳಗಿದ್ದದ್ದನ್ನು ನೋಡಿ, ಹೊಸ ಗ್ಯಾಸ್ಕೆಟ್ ಕೂಡಿಸಿ ಮತ್ತೆ ಮುಚ್ಚಿದ್ದರು. ಅದರ ಮೇಲೆ ಗಾಡಿ ಒಮ್ಮೆಯೂ ಚಾಲೂ ಆಗಿರಲಿಲ್ಲ.

ಪಿಸ್ಟನ್ನು ಎಲ್ಲೂ ಸಿಗಲಿಲ್ಲ. ಕೊನೆಗೆ ಚಿತ್ತಾಪುರದ ಅಂಗಡಿಯವರೊಬ್ಬರು, "ವಾಡಿಗೆ ಹೋಗ್ರಿ ಸರ್, ಖಾಜಾ ಚಾಚಾನ ಹತ್ರ ಇದ್ರ ಅದ, ಇಲ್ಲಂದ್ರ ಇಲ್ಲ" ಎಂದರು. ಖಾಜಾ ಚಾಚಾ ಎಂಬತ್ತು ಮುಟ್ಟಿದ ಮೇಸ್ತ್ರಿ, ಕೆಲಸ ಬಿಟ್ಟು ಬಹಳ ದಿನವಾಗಿತ್ತು. ನಾನು ತಂದ ಸುಟ್ಟ ಪಿಸ್ಟನ್ನನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಶಹಾಬಾದದವ್ರಾ? ಬಸಣ್ಣನ ಮಗಾ?"

ಹೌದೆಂದೆ.

"ಈ ಗಾಡಿ ಎಂಜಿನ್ ನಾನೇ ಬಿಚ್ಚೀನಿ. ತಮ್ಮ ಸತ್ತು ಒಂದು ತಿಂಗಳಿಗಿ ನಿಮ್ಮಪ್ಪ ನನ್ನ ಕರ್ಕೊಂಡು ಹೋಗಿದ್ರು. ಮನ್ಯಾಗ ಯಾರೂ ಇರ್ಲಿಲ್ಲ. ಎಣ್ಣಿ ಇಲ್ದ ಖಾಲಿ ಪೆಟ್ರೋಲ್ ಮ್ಯಾಲ ಓಡ್ಯದ, ಪಿಸ್ಟನ್ ಜಾಮ್ ಆಗಿ ಹಿಂದಿನ ಗಾಲಿ ಒಮ್ಮಿಗೇ ಹಿಡ್ದದ, ಆದ್ಮಿ ಏನು ಮಾಡ್ತಾನ ಅಂದೆ. ನಿಮ್ಮಪ್ಪ ಅಲ್ಲೇ ಕುಂತುಬಿಟ್ರು. 'ಟ್ಯಾಂಕು ತುಂಬ್ಸಿದಾಂವ ನಾನೇ ಖಾಜಾ ಭಾಯ್, ಎಣ್ಣಿ ಹಾಕೋದು ಮರ್ತೀನಿ' ಅಂದ್ರು."

ಚಾಚಾ ಒಳಗೆ ಹೋಗಿ ಹಳೇ ಪೇಪರಿನಲ್ಲಿ ಸುತ್ತಿದ ಪಿಸ್ಟನ್ನೊಂದನ್ನು ತಂದು ನನ್ನ ಕೈಗಿಟ್ಟರು. "ಅವರ ಸಲುವಾಗೇ ತರ್ಸಿದ್ದೆ. ಮುಚ್ಚಿಬಿಡ್ರಿ ಅಂದ್ರು, ಮತ್ತ ಬರಲೇ ಇಲ್ಲ," ಎಂದರು.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಎರಡು ರೈಲು ಬಂದು ಹೋದವು, ನಾನು ಹತ್ತಲಿಲ್ಲ. ಅಪ್ಪ ಸುಳ್ಳಾಡಿದ್ದನ್ನು ನಾನು ಎಂದೂ ಕಂಡವನಲ್ಲ. ಆಯಿ ಸಾಯುವತನಕ "ನನ್ನ ಸಣ್ಣ ಮಗ ಕುಡ್ದು ಸತ್ತ" ಎಂದು ಎದೆ ಬಡಿದುಕೊಳ್ಳುವಾಗ, ಅದೇ ಪಡಸಾಲೆಯ ಕಂಬಕ್ಕೆ ಒರಗಿ ಅಪ್ಪ ಬೀಡಿ ಸೇದುತ್ತ ಕೂತಿರುತ್ತಿದ್ದ. ಒಂದು ಮಾತೂ ಆಡಿರಲಿಲ್ಲ. ನಾನು ಪ್ರೀತಿಸಿದ ಮನುಷ್ಯ ಯಾರು ಎಂದೇ ಗೊತ್ತಾಗದಂತಾಯಿತು.

ಮರುವಾರ ಐನಾಪುರಕ್ಕೆ ಹೋದೆ. ಕಾಕಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾನು ತಡವರಿಸುತ್ತ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಅದು ನನಗ ಗೊತ್ತದಪ್ಪ," ಎಂದಳು. "ಆ ವರ್ಷನ ನಿಮ್ಮಪ್ಪ ಬಂದು ಹೇಳ್ಯಾರ. ಹಿರೇರು, ನನ್ನ ಕಾಲ ಮುಟ್ಲಿಕ್ಕಿ ಬಂದ್ರು. ಮನ್ಯಾಗ ಎಲ್ಲಾರಿಗಿ ಹೇಳ್ತೀನಿ ಅಂದ್ರು. ನಾನೇ ಬ್ಯಾಡ ಅಂತ ಅವರ ಕಡಿಂದ ಆಣಿ ತಗೊಂಡೆ."

"ಯಾಕ ಕಾಕಿ?"

"ನಿಮ್ಮ ಆಯಿ ಒಬ್ಬ ಮಗನ್ನ ಮಣ್ಣಿಗಿಟ್ಟಿದ್ಳು. ಇನ್ನೊಬ್ಬನ ಮಾರಿ ನೋಡ್ಕೊತ ಉಣ್ಣಬೇಕಲ್ಲ ಆಕಿ. ನೀವೆಲ್ಲ ಅದೇ ಮನ್ಯಾಗ ಬೆಳಿಬೇಕಲ್ಲ."

ಅವಳು ಮೊರ ಕೆಳಗಿಟ್ಟಳು. "ಒಂದೇ ತಪ್ಪು ಮಾಡೀನಿ. ಮಗಳು ಭಾಗ್ಯಾಗ ಹೇಳಿಲ್ಲ. ಸಾಲ್ಯಾಗ ಮಂದಿ ಅಂದದ್ದು ಕೇಳಿ ಆಕಿ ಅಪ್ಪನ ಫೋಟೋ ಕಿತ್ತಿಟ್ಳು. ಮದುವಿ ದಿನಾನೂ ಹಾಕಗೊಡ್ಲಿಲ್ಲ. ಈಗ ಆಣಿ ಮಾಡಿದವ್ರೂ ಇಲ್ಲ, ಯಾರಿಗಿ ಮುಚ್ಚಿಡ್ಬೇಕಿತ್ತೋ ಅವ್ರೂ ಇಲ್ಲ. ನೀ ಹೇಳು. ನನ್ನ ಬಾಯಿಂದ ಬರಂಗಿಲ್ಲ."

ಭಾಗ್ಯಾ, ಅಂದು ಆರು ತಿಂಗಳಿದ್ದ ಕೂಸು, ಈಗ ಸೇಡಮ್ಮಿನಲ್ಲಿ ನರ್ಸ್. ನಾನು ಕರೆದಾಗ ಕಾರಣ ಕೇಳದೆ ಶಹಾಬಾದಿಗೆ ಬಂದಳು. ಬುದ್ಧಿ ತಿಳಿದ ಮೇಲೆ ತಂದೆಯ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಅಷ್ಟರಲ್ಲಿ ಚಾಚಾ ಕೊಟ್ಟ ಪಿಸ್ಟನ್ ಕೂಡಿಸಿ ಗಾಡಿ ಚಾಲೂ ಮಾಡಿದ್ದೆ. ಅವಳು ಅದರತ್ತ ನೋಡಲಿಲ್ಲ. ನಾನು ಹೇಳಿದ್ದೆಲ್ಲ ಕೇಳಿ ಸುಟ್ಟ ಪಿಸ್ಟನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅಳುತ್ತಾಳೆ, ಇಲ್ಲವೇ ನನ್ನ ಅಪ್ಪನಿಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಎರಡನ್ನೂ ಮಾಡಲಿಲ್ಲ.

"ನಮ್ಮಪ್ಪ ಹ್ಯಾಂಗಿದ್ರು ಅಣ್ಣಾ?" ಎಂದು ಕೇಳಿದಳು.

ನಾನು ಹೇಳತೊಡಗಿದೆ. ಬೆಳ್ಳಗಾದ ರೆಪ್ಪೆ ಹೇಳಿದೆ. ಊಟಕ್ಕೆ ಕೂತಾಗ ಮೊದಲ ತುತ್ತು ನನ್ನ ಬಾಯಿಗಿಡುತ್ತಿದ್ದದ್ದು, ಕಾಕಿ ಸಿಟ್ಟಾದರೆ ಅವಳ ಹಿಂದೆಯೇ ಸಪ್ಪೆ ಮುಖ ಮಾಡಿಕೊಂಡು ಓಡಾಡುತ್ತಿದ್ದದ್ದು, ನಿದ್ದೆಯಲ್ಲಿ ನಗುತ್ತಿದ್ದದ್ದು. ಅವಳು ಕಣ್ಣು ಕೀಳದೆ ಕೇಳುತ್ತಿದ್ದಳು. ಮತ್ತೇನು, ಮತ್ತೇನು ಎಂದು ನನ್ನೊಳಗೆ ನಾನೇ ತಡಕಾಡಿದೆ. ಆ ಮನೆಯಲ್ಲಿ ಕೇಳಲು ಬೇರೆ ಯಾರೂ ಉಳಿದಿರಲಿಲ್ಲ. ಕಾಲು ತಾಸಿನಲ್ಲಿ ನನಗೆ ಗೊತ್ತಿದ್ದ ಕಾಕಾ ಮುಗಿದುಹೋದ.