ಅಂಡಮಾನಿನ ಬಾಡಿಗೆ ಮನೆ ಮತ್ತು ನನ್ನ ನೆಗೆಣ್ಣಿ

ಮೊಣಕೈ ಹತ್ತಿರದವರೆಗೂ ಹಸಿರು ಗಾಜಿನ ಬಳೆ. ಅವಳು ಓಣಿಯ ತಿರುವಿನಲ್ಲಿರುವಾಗಲೇ ಆ ಸಪ್ಪಳ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕೈ ಬೀಸಿ ಮಾತಾಡುವಾಗ ಒಂದೆರಡು ಒಡೆಯುತ್ತಿದ್ದವು. ಅದಕ್ಕೆ ಅವಳಿಗೆ ಬೇಸರವೇನೂ ಇಲ್ಲ. ಬಳೆಗಾರ್ತಿ ಬಂದಾಗ ಕಟ್ಟೆಯ ಮೇಲೆ ಕೈ ಚಾಚಿ ಕೂತು, ನಗುತ್ತ, ನೋವಾದರೆ ಬೈಯುತ್ತ, ಮತ್ತೆ ಕೈ ತುಂಬಿಸಿಕೊಳ್ಳುತ್ತಿದ್ದಳು. ನಿಮ್ಮ ಅಜ್ಜ ತೀರಿದ ಮೇಲೆ ನಾನು ಬಳೆಗಾರ್ತಿಯ ದನಿ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅಲ್ಲಿಗೂ ಆ ನಗು ಬರುತ್ತಿತ್ತು.

ಮೊಮ್ಮಕ್ಕಳಾದ ನೀವು ಅವಳನ್ನು ದೊಡ್ಡಾಯಿ ಎಂದು ಕರೆದವರು. ನನಗೆ ಅವಳು ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಅಕ್ಕ ಎನ್ನುತ್ತಿದ್ದೆ. ಬೈಲಹೊಂಗಲದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅವಳು ಹೂಲಿಯ ದೊಡ್ಡ ಮನೆತನದ ಮಗಳು, ನಾನು ಸುರೇಬಾನದ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವಳು. ಅವಳ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಯಾವಳೋ ಬೇರೆ ಹೆಂಗಸು ಕಾಣುತ್ತಾಳೆ.

ಅವಳ ಶೇಂಗಾ ಚಟ್ನಿಗೆ ಯಾವಾಗಲೂ ಉಪ್ಪು ಹೆಚ್ಚು. ಆದರೂ ಊರೆಲ್ಲ ಅವಳ ಚಟ್ನಿ ಕೇಳುತ್ತಿತ್ತು. ನನ್ನದು ಹದವಾಗಿರುತ್ತಿತ್ತು, ಡಬ್ಬಿಯಲ್ಲೇ ಇರುತ್ತಿತ್ತು. ನೀವೂ ಸಾಲೆ ಬಿಟ್ಟೊಡನೆ ಮೊದಲು ಅವಳ ಕಟ್ಟೆಗೆ ಓಡುತ್ತಿದ್ದಿರಿ. ಮತ್ತೊಂದು ಚಾಳಿ ಅವಳಿಗೆ. ಯಾರು ಏನನ್ನು ಚೆನ್ನಾಗಿ ಮಾಡಿದರೂ “ನಾನ ಕಲಿಸೇನಿ” ಅನ್ನುತ್ತಿದ್ದಳು. ಎದುರು ಮನೆಯ ಹುಡುಗಿಯ ರಂಗೋಲಿಯನ್ನೂ ಅವಳೇ ಕಲಿಸಿದ್ದು, ಪಂಚಾಯಿತಿ ಅಧ್ಯಕ್ಷೆಯ ಭಾಷಣವನ್ನೂ ಅವಳೇ ಕಲಿಸಿದ್ದು.

ಇನ್ನೊಂದು ಮಾತು ನಿಮಗೆ ಗೊತ್ತಿರಲಿ. ಕುಬಸ, ತೊಟ್ಟಿಲು, ಹೊಸಮನೆ ಎಂದು ಹೆಂಗಸರು ಕೂಡಿದಲ್ಲಿ ಅರಿಷಿಣ ಕುಂಕುಮದ ತಟ್ಟೆ ನನ್ನ ಮುಂದೆ ಬಂದು, ಕೊಂಚ ತಡೆದು, ಮುಂದಿನವಳಿಗೆ ಹೋಗುತ್ತಿತ್ತು. ಯಾರೂ ಕೆಟ್ಟ ಮಾತು ಆಡುತ್ತಿರಲಿಲ್ಲ. ತಟ್ಟೆ ಮುಂದೆ ಹೋಗುತ್ತಿತ್ತು, ಅಷ್ಟೇ. ಆ ತಟ್ಟೆ ಹಿಡಿದವಳು ಹೆಚ್ಚಾಗಿ ಅಕ್ಕನೇ.

ಅಂಡಮಾನಿಗೆ ಹೋಗುವ ಮಾತು ಎತ್ತಿದವಳೂ ಅವಳೇ. ಅವಳ ಸೊಸೆ ಮೊಬೈಲಿನಲ್ಲಿ ಒಂದು ಮನೆಯ ಚಿತ್ರ ತೋರಿಸಿದ್ದಳಂತೆ. ನಾಲ್ಕು ಕೋಣೆ, ದೊಡ್ಡ ಪಡಸಾಲೆ, ಅಡುಗೆಮನೆ, ಅಂಗಳ ದಾಟಿದರೆ ಸಮುದ್ರ. ಇಡೀ ಮನೆಯನ್ನೇ ಬಾಡಿಗೆಗೆ ಕೊಡುತ್ತಾರೆ. ಸೋಮವಾರದ ಭಜನೆ ಮುಗಿದ ಮೇಲೆ ಆ ಮೊಬೈಲು ಎಲ್ಲರ ಕೈಗೂ ಹೋಯಿತು. ಹೋಟೆಲಿನಲ್ಲಿ ಇಳಿಯೋಣವೆಂದು ಒಬ್ಬಳು ಅಂದಳು. ಮೀನು ಕರಿದ ಬಾಣಲೆಯಲ್ಲೇ ನಮ್ಮ ಪಲ್ಯವನ್ನೂ ಮಾಡುತ್ತಾರೆ, ಮನೆ ಹಿಡಿದರೆ ಒಲೆ ನಮ್ಮದು, ಲಿಂಗಪೂಜೆಗೆ ಜಾಗವೂ ನಮ್ಮದು ಎಂದು ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು. ಎಂಟು ಹೆಂಗಸರು ಹೊರಟೆವು. ಕಿತ್ತೂರಿನಿಂದ ಅಕ್ಕನ ಬೀಗತಿ ಬಂದು ಕೂಡಿದಳು. ಅಕ್ಕನ ಮಗಳನ್ನು ಕೊಟ್ಟ ಮನೆಯವಳು. ಅವಳ ಮಾತಿಗೆ ಅಕ್ಕ ಎಂದೂ ಎದುರಾಡಿದವಳಲ್ಲ. ನಾನು ಬರುವುದಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅಕ್ಕ ನನ್ನ ಹೆಸರನ್ನೂ ಹೇಳಿ, ಜೋಳದ ಹಿಟ್ಟು ಮತ್ತು ಹಂಚು ಒಯ್ಯುವ ಜವಾಬ್ದಾರಿ ನನಗೆ ಹಚ್ಚಿಬಿಟ್ಟಿದ್ದಳು.

ವಿಮಾನದಲ್ಲಿ ಕಿಟಕಿಯ ಸೀಟು ಅವಳಿಗೇ ಸಿಕ್ಕಿತು. ಮೋಡ ಕಂಡಾಗಲೆಲ್ಲ ತಿರುಗಿ ನನಗೆ ಹೇಳುತ್ತಿದ್ದಳು, ನಾನು ಅವಳ ಬೆನ್ನು ನೋಡುತ್ತಿದ್ದೆ.

ದ್ವೀಪದಲ್ಲಿ ಇಳಿದು, ದೋಣಿಯಲ್ಲಿ ಇನ್ನೊಂದು ದ್ವೀಪಕ್ಕೆ ದಾಟಿ, ಆ ಮನೆ ಮುಟ್ಟುವಾಗ ಮಳೆ ಹನಿಯಲು ಶುರುವಾಯಿತು. ಹಿಟ್ಟಿನ ಚೀಲ ನೆನೆದೀತೆಂದು ನಾನು ಓಡಿ ಒಳಗೆ ಹೋದೆ. ಎಲ್ಲರಿಗಿಂತ ಮೊದಲು ಹೋದೆನೆಂಬುದು ನನಗೆ ಆಗ ಹೊಳೆಯಲೇ ಇಲ್ಲ. ಕೋಣೆಗಳನ್ನು ಹಂಚಿದವಳು ಅಕ್ಕ. ಸಮುದ್ರ ಕಾಣುವ ಮೇಲಿನ ಕೋಣೆ ಬೀಗತಿಗೆ ಮತ್ತು ತನಗೆ. ನನಗೆ ಹಿಂದಿನ ಕೋಣೆ. ಅದರ ಕಿಟಕಿಯಿಂದ ನೀರಿನ ಟಾಕಿ ಕಾಣುತ್ತಿತ್ತು.

ಬಾಡಿಗೆ ಮನೆಯಾದರೇನು, ನಾಲ್ಕು ದಿನಕ್ಕಾದರೇನು, ಒಲೆ ಹಚ್ಚುವ ಮೊದಲು ಹಾಲು ಉಕ್ಕಿಸಬೇಕು ಎಂದು ಬೀಗತಿ ಅಂದಳು. ಎಲ್ಲರೂ ಒಪ್ಪಿದರು. ಮನೆ ನೋಡಿಕೊಳ್ಳುವ ಹೆಂಗಸು ಹಾಲಿನ ಪಾಕೀಟು ತಂದುಕೊಟ್ಟು, ನಾವು ಚಹಾ ಮಾಡುತ್ತೇವೆಂದು ತಿಳಿದು ಹೊರಟುಹೋದಳು. ಅಲ್ಲಿದ್ದದ್ದು ಗಾಜಿನ ಹಲಗೆಯಂಥ ಕರೆಂಟಿನ ಒಲೆ. ಅಕ್ಕ ಪಾತ್ರೆಗೆ ಕುಂಕುಮ ಹಚ್ಚಿ, ಕಂಠದವರೆಗೆ ಹಾಲು ಸುರಿದು ಇಟ್ಟಳು. ಎಲ್ಲರೂ ಸುತ್ತ ನಿಂತರು. ನಾನು ಬಾಗಿಲ ಹೊರಗಿದ್ದೆ. ಹಾಲು ಉಕ್ಕಿ ನಾಲ್ಕೂ ಕಡೆ ಹರಿಯಿತು. ಒಲೆ ಕುಂಯ್ ಕುಂಯ್ ಎಂದು ಕೂಗಿ, ಒಂದು ಸಲ ಚಟ್ ಎಂದು, ಆರಿಹೋಯಿತು. ಎಷ್ಟು ಒರೆಸಿದರೂ ಮತ್ತೆ ಹತ್ತಲಿಲ್ಲ. ಆ ಹೆಂಗಸು ಓಡಿ ಬಂದು ಹಣೆ ಚಚ್ಚಿಕೊಂಡಳು. ರಿಪೇರಿಯವನು ದೋಣಿಯಲ್ಲಿ ಬರಬೇಕು, ನಾಳೆ ಬಂದರೆ ಪುಣ್ಯ ಎಂದು ಹಿಂದಿಯಲ್ಲಿ ಹೇಳಿದಳು.

ಆ ಹೊತ್ತಿನಲ್ಲಿ ನನಗೆ ಖುಷಿಯಾಯಿತು. ಅಕ್ಕನ ಕೈಯಿಂದ ಕೆಟ್ಟಿತಲ್ಲ ಎಂಬ ಖುಷಿ. ಅದು ಬಹಳ ಹೊತ್ತು ಉಳಿಯಲಿಲ್ಲ.

ಬೀಗತಿ ಸೋಫಾದ ಮೇಲೆ ಕೂತು, ಯಾರನ್ನೂ ನೋಡದೆ ಕೇಳಿದಳು. “ಒಳಗ ಮೊದಲ ಯಾರು ಕಾಲಿಟ್ರಿ?”

ಹಿಟ್ಟಿನ ಚೀಲ ಹೊತ್ತು ನಾನು ಒಳಗೆ ಓಡಿದ್ದನ್ನು ಎಲ್ಲರೂ ಕಂಡಿದ್ದರು. ಹಾಲು ಉಕ್ಕಿ ಒಲೆ ಆರುವುದು ಒಳ್ಳೆಯ ಲಕ್ಷಣವಲ್ಲ, ಬೇರೆ ಮನೆ ಸಿಗುತ್ತದೇನೋ ನೋಡೋಣ ಎಂದು ಇಬ್ಬರು ಪಿಸುಗುಟ್ಟಿದರು. ಉಳಿದವರು ನನ್ನ ಕಾಲು ನೋಡಿದರು. ಅಕ್ಕ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಇನ್ನು ನಾಲ್ಕು ದಿನ ಈ ಕಣ್ಣುಗಳ ಮುಂದೆ ಹೇಗಿರಲಿ ಎಂದು ನಾನು ಹಿತ್ತಲ ಬಾಗಿಲಿಂದ ಹೊರಗೆ ಹೋದೆ.

ಹೊರಗೆ ಹೋದವಳು ಏನಾದರೂ ಮಾಡಬೇಕಲ್ಲ. ಎಲ್ಲರೂ ಹಸಿದಿದ್ದರು. ಒಲೆಗೆ ಕಲ್ಲು ಹುಡುಕತೊಡಗಿದೆ. ದಂಡೆಯ ಹವಳದ ಕಲ್ಲುಗಳನ್ನು ಮುಟ್ಟಿದರೆ ದಂಡ ಹಾಕುತ್ತಾರೆಂದು ಆ ಹೆಂಗಸು ಕೈಮಾಡಿ ಹೇಳಿ, ಗೋಡೆಯ ಹತ್ತಿರ ಉಳಿದಿದ್ದ ಇಟ್ಟಂಗಿ ತೋರಿಸಿದಳು. ಗಾಳಿಗೆ ಬೆನ್ನಾಗಿ ಒಲೆ ಹೂಡಿದೆ. ತೆಂಗಿನ ಚಿಪ್ಪು, ಒಣ ನಾರು ಅವಳೇ ತಂದು ಹಾಕಿದಳು. ಮಳೆ ನಿಂತಿತ್ತು. ಬೆಂಕಿ ಹಿಡಿಯಿತು.

ಬಳೆಯ ಸಪ್ಪಳ ಕೇಳಿ ತಲೆ ಎತ್ತಿದೆ. ಅಕ್ಕ ಉಳಿದ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಎಲ್ಲರೂ ಇದ್ದರು, ಬೀಗತಿಯೂ. ನಾನು ಜಾಗ ಬಿಟ್ಟು ಎದ್ದೆ. ಅವಳು ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು.

“ನೀನ ಉಕ್ಕಸು.”

“ಬ್ಯಾಡ್ರಿ ಅಕ್ಕಾ. ಅವರು ಏನರ ಅಂತಾರ.”

ಬೀಗತಿ ಗಂಟಲು ಸರಿಮಾಡಿಕೊಂಡಳು. ಅಕ್ಕ ತಿರುಗಿ ನಿಂತಳು. “ಬೀಗತೇರ, ಒಳಗಿನ ಒಲಿ ಮುತ್ತೈದಿ ಕೈಲೆ ಕೆಟ್ಟೈತಿ. ನಾನ ಕೆಡಿಸೇನಿ. ಇನ್ನ ಇಕಿ ಕೈಲೆ ಇದಕ್ಕಿಂತ ಕೆಡಾಕ ಏನ ಉಳದೈತಿ ಹೇಳ್ರಿ?” ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಬೀಗತಿಯ ಮುಖ ಕೆಂಪಾಯಿತು. ಮಗಳ ಅತ್ತೆಗೆ ಹಾಗೆ ಅಂದದ್ದರ ಬೆಲೆ ಏನೆಂದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಮುಂದೆ ಎರಡು ಹಬ್ಬಗಳಿಗೆ ಬೀಗತಿ ಅಕ್ಕನ ಮಗಳನ್ನು ತವರಿಗೆ ಕಳಿಸಲಿಲ್ಲ.

ನಾನು ಪಾತ್ರೆ ಇಟ್ಟೆ. ಹಾಲು ನಿಧಾನವಾಗಿ ಏರಿ, ಮೂಡಣ ದಿಕ್ಕಿಗೆ ಉಕ್ಕಿ, ಕೆಂಡದ ಮೇಲೆ ಬಿತ್ತು. ನನ್ನ ಗಂಡ ತೀರಿದ ಮೇಲೆ ಮೊದಲ ಸಲ ಎಲ್ಲರೂ ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ನನಗೆ ಎಷ್ಟು ಸುಖವಾಯಿತೋ ಅಷ್ಟೇ ಉರಿಯಿತು. ಇದೂ ಅವಳು ಕೊಟ್ಟಿದ್ದರಿಂದಲೇ ನನಗೆ ಬಂತಲ್ಲ. ನನ್ನ ಮಾನವೂ ಅವಳ ಕೈಯ ದಾನವಾಯಿತಲ್ಲ ಎಂದು.

ಆ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಮರಳಲ್ಲಿ ಕೂತು ಉಂಡರು. ಬೀಗತಿ ಮುಖ ತಿರುಗಿಸಿಕೊಂಡೇ ಎರಡನೆಯ ರೊಟ್ಟಿಗೆ ತಟ್ಟೆ ಚಾಚಿದಳು. ಮನೆ ನೋಡಿಕೊಳ್ಳುವ ಹೆಂಗಸು ನನ್ನ ಕೈಯಲ್ಲಿ ರೊಟ್ಟಿ ಅಗಲವಾಗುವುದನ್ನು ಬೆರಗಿನಿಂದ ನೋಡುತ್ತಿದ್ದಳು. ಅಕ್ಕ ಅವಳಿಗೆ ತನ್ನ ಮುರುಕು ಹಿಂದಿಯಲ್ಲಿ, ಇವಳಿಗೆ ಇದನ್ನೆಲ್ಲ ನಾನೇ ಕಲಿಸಿದ್ದು ಎಂದು ಹೇಳುತ್ತಿದ್ದಳು. ಸುರೇಬಾನದಲ್ಲಿ ನನ್ನ ಅವ್ವ ಕಲಿಸಿದ್ದು. ನಾನು ಮುಂದಿನ ರೊಟ್ಟಿಗೆ ಹಿಟ್ಟು ನಾದಿದೆ.

ಮರುದಿನ ಅವಳು ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಸಮುದ್ರಕ್ಕಿಳಿದು, ತೆರೆ ಬಂದಾಗಲೆಲ್ಲ ಸಣ್ಣ ಹುಡುಗಿಯಂತೆ ಹಾರುತ್ತಿದ್ದಳು. ನನ್ನನ್ನು ಕರೆದಳು. ನಾನು ನಾಚಿ ದಂಡೆಯಲ್ಲೇ ಕೂತೆ. ಹಾಗೆ ಹಾರುವುದು ಹೇಗೆ ಎಂದು ಈಗಲೂ ನನಗೆ ಗೊತ್ತಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನಿಮ್ಮ ದೊಡ್ಡಜ್ಜ ಇನ್ನೂ ಇದ್ದಾರೆ, ಹಾಗಾಗಿ ಮುತ್ತೈದೆಯಾಗಿ ಹೋದಳು. ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮವಿಟ್ಟು, ಪಡಸಾಲೆಯಲ್ಲಿ ಕೂರಿಸಿದ್ದರು. ಎಂಥ ಪುಣ್ಯವಂತೆ ಎಂದು ಬಂದವರೆಲ್ಲ ಅನ್ನುತ್ತಿದ್ದರು. ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ, ಆ ಸಾವಿಗೂ ನನಗೆ ಹೊಟ್ಟೆ ಉರಿಯಿತು.

ಕೊನೆಯ ಸಲ ಉಡಿ ತುಂಬುವ ಹೊತ್ತು ಬಂತು. ಮುತ್ತೈದೆಯರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು ಹಾಕಿ ಸರಿದರು. ಕಿತ್ತೂರಿನ ಬೀಗತಿಯೂ ಹಾಕಿದಳು. ನಾನು ಹಿಂದೆ, ಗೋಡೆಗೆ ಹತ್ತಿ ಕೂತಿದ್ದೆ. ಇನ್ಯಾರೂ ಉಳಿದಿಲ್ಲವೆಂದು ತಟ್ಟೆಯನ್ನು ಒಳಗೆ ಒಯ್ಯುತ್ತಿದ್ದರು.

ನಾನು ಎದ್ದು ಹೋಗಿ ತಟ್ಟೆ ಹಿಡಿದೆ. ಎರಡೂ ಕೈಗಳಲ್ಲಿ ಅಕ್ಕಿ ತುಂಬಿಕೊಂಡೆ. ಅವಳ ಉಡಿಗೆ ಹಾಕಿ, ಸೆರಗನ್ನು ಸರಿಮಾಡಿದೆ. ನನ್ನನ್ನು ಯಾರೂ ಕರೆದಿರಲಿಲ್ಲ.